ಜಪಾನಿನ ಮೂಲ ನಂಬರ್ ಪ್ಲೇಟ್ ಓದುವುದು ಹೇಗೆ? ಆಮದು ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಲೆಂಡ್, ಮೆಲ್ಬರ್ನ್, ನೈರೋಬಿ, ಹ್ಯೂಸ್ಟನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗು ಹತ್ತಿ ಬಂದ ಕಾರುಗಳನ್ನು ಕೊಳ್ಳುತ್ತಾರೆ. ಕೆಲವರಿಗೆ ಕಾರಿನ ಜೊತೆ ಹಳೆಯ ನಂಬರ್ ಪ್ಲೇಟ್ ಸಿಗುತ್ತದೆ. ಹಲವರಿಗೆ ಹರಾಜಿನ ಫೋಟೊದಲ್ಲೋ ರಫ್ತು ಪತ್ರದಲ್ಲೋ ಆ ನಂಬರ್ ಮಾತ್ರ ಕಾಣಿಸುತ್ತದೆ. ಅದನ್ನು ಬರೀ ಗೋಡೆಯ ಅಲಂಕಾರವೆಂದು ಬಿಟ್ಟುಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರು ಕೊನೆಯದಾಗಿ ಯಾವ ಸೀಮೆಯಲ್ಲಿತ್ತು, ಯಾವ ಕೆಲಸಕ್ಕೆಂದು ನೋಂದಣಿಯಾಗಿತ್ತು, ಎಷ್ಟು ದೊಡ್ಡದಾಗಿತ್ತು ಎಂಬ ಸಂಗತಿಗಳು ಆ ತಗಡಿನ ಮೇಲೆಯೇ ಇವೆ. ಮಾರುವವರು ಹೇಳುವ ಕಥೆ ಅವುಗಳಿಗೆ ತಾಳೆಯಾಗುತ್ತದೆಯೇ ಎಂದು ಹಣ ಕೊಡುವ ಮೊದಲು ನೋಡಬೇಕು.

ಪ್ಲೇಟಿನ ಮೇಲೆ ಏನೇನಿರುತ್ತದೆ?

ಎರಡು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಎಡಕ್ಕೆ ಊರಿನ ಅಥವಾ ಪ್ರದೇಶದ ಹೆಸರು, ಅದರ ಪಕ್ಕದಲ್ಲಿ ವಾಹನದ ವರ್ಗ ಸಂಖ್ಯೆ. ಕೆಳಗಿನ ಸಾಲಿನಲ್ಲಿ ಎಡಕ್ಕೆ ಒಂದು ಸಣ್ಣ ಅಕ್ಷರ, ಆಮೇಲೆ ದೊಡ್ಡದಾಗಿ ನಾಲ್ಕು ಅಂಕಿಗಳ ಕ್ರಮ ಸಂಖ್ಯೆ. ಉದಾಹರಣೆಗಾಗಿ ನಾನೇ ಕಟ್ಟಿದ ಒಂದು ನಂಬರ್ ನೋಡಿ: ಮೇಲೆ ‘ಯೊಕೊಹಾಮಾ 300’, ಕೆಳಗೆ ‘ಸ 12-34’. ಕಾರುಗಳ ಪ್ಲೇಟ್ 330 ಮಿಲಿಮೀಟರ್ ಅಗಲ, 165 ಮಿಲಿಮೀಟರ್ ಎತ್ತರ ಇರುತ್ತದೆ. ದೊಡ್ಡ ಲಾರಿ, ಬಸ್ಸುಗಳಿಗೆ 440 ಮತ್ತು 220 ಮಿಲಿಮೀಟರಿನ ಪ್ಲೇಟ್ ಇದೆ.

ಓದುವಾಗ ಮೊದಲು ಬಣ್ಣ, ಆಮೇಲೆ ವರ್ಗ ಸಂಖ್ಯೆ, ನಂತರ ಸಣ್ಣ ಅಕ್ಷರ, ಕೊನೆಗೆ ಊರು ಎಂಬ ಕ್ರಮ ಹಿಡಿದರೆ ಸುಲಭ. ದೊಡ್ಡದಾಗಿ ಕಾಣುವ ನಾಲ್ಕು ಅಂಕಿಗಳೇ ಎಲ್ಲಕ್ಕಿಂತ ಕಡಿಮೆ ಹೇಳುತ್ತವೆ.

ನನಗೆ ಜಪಾನಿ ಅಕ್ಷರ ಬರುವುದಿಲ್ಲ. ಓದಲು ಸಾಧ್ಯವೇ?

ಸಾಧ್ಯ. ಅಂಕಿಗಳು ನಾವು ಬಳಸುವ 1, 2, 3 ಅಂಕಿಗಳೇ. ಕೆಳಗಿನ ಒಂಟಿ ಅಕ್ಷರ ಹಿರಗಾನಾ ಲಿಪಿಯದು. ಊರಿನ ಹೆಸರು ಬಹುತೇಕ ಕಾಂಜಿ ಎಂಬ ಚಿತ್ರಾಕ್ಷರಗಳಲ್ಲಿರುತ್ತದೆ. ಮೊಬೈಲಿನ ಕ್ಯಾಮೆರಾದಿಂದ ಅನುವಾದಿಸುವ ಆ್ಯಪ್‌ಗಳು ಊರಿನ ಹೆಸರನ್ನು ಚೆನ್ನಾಗಿಯೇ ಓದುತ್ತವೆ. ಒಂಟಿ ಅಕ್ಷರದ ಮುಂದೆ ತಡವರಿಸುತ್ತವೆ. ಅದಕ್ಕೆ ಹಿರಗಾನಾ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಆಕಾರ ಹೋಲಿಸಿ ನೋಡುವುದೇ ಒಳ್ಳೆಯದು.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಹಿರಗಾನಾ ಪಟ್ಟಿ ಅ, ಇ, ಉ, ಎ, ಒ ಸ್ವರಗಳಿಂದ ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳಾಗಿ ಸಾಗುತ್ತದೆ. ಬೌದ್ಧರ ಮೂಲಕ ಜಪಾನಿಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಆ ಜೋಡಣೆಯಲ್ಲಿದೆ. ಕಾಗುಣಿತ ಬರೆದು ಬೆಳೆದ ನಮಗೆ ಅದರ ನಡೆ ಬೇಗ ಹಿಡಿತಕ್ಕೆ ಬರುತ್ತದೆ.

ಬಣ್ಣಗಳು ಏನು ಹೇಳುತ್ತವೆ? ಹಳದಿ ಬೋರ್ಡ್ ಎಂದರೆ ಟ್ಯಾಕ್ಸಿ ತಾನೇ?

ಅಲ್ಲ. ಭಾರತದಿಂದ ಹೋದವರು ಮೊದಲು ಎಡವುವುದು ಇಲ್ಲೇ. ನಮ್ಮಲ್ಲಿ ಹಳದಿ ಬೋರ್ಡ್ ಬಾಡಿಗೆ ಗಾಡಿಗೆ, ಹಸಿರು ಬೋರ್ಡ್ ಬ್ಯಾಟರಿ ಗಾಡಿಗೆ, ಕಪ್ಪು ಹಲಗೆಯ ಮೇಲಿನ ಹಳದಿ ಅಕ್ಷರ ನಾವೇ ಓಡಿಸುವ ಬಾಡಿಗೆ ಕಾರಿಗೆ. ಜಪಾನಿನ ಲೆಕ್ಕವೇ ಬೇರೆ.

ಬಿಳಿ ಹಲಗೆಯ ಮೇಲೆ ಹಸಿರು ಅಕ್ಷರವಿದ್ದರೆ ಸ್ವಂತ ಬಳಕೆಯ ಕಾರು. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರವಿದ್ದರೆ ಹಣ ಪಡೆದು ಜನರನ್ನೋ ಸರಕನ್ನೋ ಸಾಗಿಸುವ ವಾಹನ; ಟ್ಯಾಕ್ಸಿ, ಸಾರಿಗೆ ಕಂಪನಿಯ ಲಾರಿ, ಬಸ್ ಇದರಲ್ಲಿ ಬರುತ್ತವೆ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತ ಬಳಕೆಯ ಕೇ ಕಾರು, ಅಂದರೆ ಜಪಾನಿನ ಅತಿ ಚಿಕ್ಕ ಕಾರುಗಳ ವರ್ಗ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿದ್ದರೆ ಬಾಡಿಗೆ ಸಾಗಣೆಯ ಕೇ ವಾಹನ. ಬ್ಯಾಟರಿ ಕಾರಿಗೆಂದು ಬೇರೆ ಬಣ್ಣವಿಲ್ಲ.

ಕೇ ವಾಹನಗಳಿಗೆ ಹಳದಿ ಪ್ಲೇಟ್ ಬಂದದ್ದು 1975ರಲ್ಲಿ. ಈ ವರ್ಗದ ಇಂದಿನ ಮಿತಿ: ಎಂಜಿನ್ 660 ಸಿಸಿ, ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್. ನಮ್ಮ ಮಾರುತಿ 800ರ ಮೂಲ ಇದೇ ವರ್ಗದ ಸುಜುಕಿ ಕಾರು. ಅಲ್ಲಿ 543 ಸಿಸಿಯ ಎಂಜಿನ್ ಇದ್ದ ಜಾಗದಲ್ಲಿ ಇಲ್ಲಿ 796 ಸಿಸಿಯದು ಕುಳಿತಿತು. ಹಳೆಯ ಕೇ ಕಾರಿಗೆ ಬಿಳಿ ಪ್ಲೇಟ್ ಕಂಡರೆ ಗಾಬರಿಯಾಗಬೇಡಿ: 1975ಕ್ಕಿಂತ ಮೊದಲು ಅವುಗಳಿಗೂ ಚಿಕ್ಕ ಬಿಳಿ ಪ್ಲೇಟ್ ಇತ್ತು. 2017ರಿಂದ ರಗ್ಬಿ ವಿಶ್ವಕಪ್ ಮತ್ತು ಟೋಕಿಯೊ ಒಲಿಂಪಿಕ್ಸ್ ನೆನಪಿಗೆ ಕೊಟ್ಟ ಚಿತ್ರದ ಪ್ಲೇಟುಗಳೂ ಕೇ ಕಾರುಗಳಿಗೆ ಬಿಳಿಯ ಹಿನ್ನೆಲೆಯಲ್ಲೇ ಸಿಕ್ಕವು. ಹಳದಿ ಇಷ್ಟವಿಲ್ಲದ ಎಷ್ಟೋ ಮಾಲೀಕರು ಅವನ್ನು ಬಯಸಿ ಪಡೆದರು.

ಬಿಳಿ ಪ್ಲೇಟಿನ ಮೇಲೆ ಓರೆಯಾಗಿ ಕೆಂಪು ಪಟ್ಟೆ ಇದ್ದರೆ ಅದು ತಾತ್ಕಾಲಿಕ ನಂಬರ್. ಸುತ್ತಲೂ ಕೆಂಪು ಅಂಚಿದ್ದರೆ ವ್ಯಾಪಾರಿಗಳು ಕಾರು ಸಾಗಿಸಲು ಬಳಸುವ ನಂಬರ್. ಇವೆರಡೂ ಕಾರಿನ ಪೂರ್ವಚರಿತ್ರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನೀಲಿ ಪ್ಲೇಟ್ ರಾಯಭಾರ ಕಚೇರಿಗಳ ವಾಹನದ್ದು.

ವರ್ಗ ಸಂಖ್ಯೆಯನ್ನು ಹೇಗೆ ಬಿಡಿಸಬೇಕು?

ಊರಿನ ಹೆಸರಿನ ಪಕ್ಕದ ಸಂಖ್ಯೆಯಲ್ಲಿ ಮೊದಲ ಅಂಕಿಯೇ ಮುಖ್ಯ. 1 ಎಂದರೆ ದೊಡ್ಡ ಅಳತೆಯ ಸರಕು ವಾಹನ. 2 ಎಂದರೆ ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಜನ ಕೂರುವ ವಾಹನ. 3 ಎಂದರೆ ದೊಡ್ಡ ಅಳತೆಯ ಪ್ರಯಾಣಿಕ ಕಾರು. 5 ಮತ್ತು 7 ಚಿಕ್ಕ ಅಳತೆಯ ಪ್ರಯಾಣಿಕ ಕಾರುಗಳಿಗೆ, 4 ಮತ್ತು 6 ಚಿಕ್ಕ ಅಳತೆಯ ಸರಕು ವಾಹನಗಳಿಗೆ. 8 ವಿಶೇಷ ಕೆಲಸದ ವಾಹನಗಳದ್ದು: ಆಂಬುಲೆನ್ಸ್, ಪೊಲೀಸ್ ಕಾರು, ಅಗ್ನಿಶಾಮಕ ವಾಹನ, ಮಲಗುವ ವ್ಯವಸ್ಥೆಯಿರುವ ಕ್ಯಾಂಪರ್. 9 ಮತ್ತು 0 ಯಂತ್ರೋಪಕರಣಗಳ ಮಾದರಿಯ ವಾಹನಗಳಿಗೆ. ಕಾರು ಕೊಳ್ಳುವವರಿಗೆ ಅವು ಎದುರಾಗುವುದಿಲ್ಲ.

3 ಮತ್ತು 5ರ ನಡುವಿನ ವ್ಯತ್ಯಾಸ ಅಷ್ಟು ಮುಖ್ಯವೇ?

ನನ್ನ ಮಟ್ಟಿಗೆ ಇಡೀ ಪ್ಲೇಟಿನಲ್ಲಿ ಅತ್ಯಂತ ಉಪಯುಕ್ತವಾದ ಸುಳಿವು ಇದು. 5ರ ವರ್ಗಕ್ಕೆ ಸೇರಲು ಕಾರು ಉದ್ದದಲ್ಲಿ 4.7 ಮೀಟರ್, ಅಗಲದಲ್ಲಿ 1.7 ಮೀಟರ್, ಎತ್ತರದಲ್ಲಿ 2 ಮೀಟರ್ ಮೀರಬಾರದು. ಎಂಜಿನ್ 2000 ಸಿಸಿಯೊಳಗಿರಬೇಕು. ಡೀಸೆಲ್ ಎಂಜಿನ್‌ಗೆ ಈ ಸಿಸಿ ಮಿತಿ ಅನ್ವಯಿಸುವುದಿಲ್ಲ. ಈ ನಾಲ್ಕರಲ್ಲಿ ಒಂದೇ ಒಂದು ಮೀರಿದರೂ ಕಾರು 3ಕ್ಕೆ ಜಿಗಿಯುತ್ತದೆ.

1989ರವರೆಗೆ 3ರ ವರ್ಗದ ಮೇಲೆ ತೆರಿಗೆಯ ಹೊರೆ ಬಹಳ ಹೆಚ್ಚಿತ್ತು. ಹಾಗಾಗಿ ಅಂದಿನ ಜಪಾನಿ ಕಾರುಗಳಲ್ಲಿ ಹೆಚ್ಚಿನವು ಅಗಲದಲ್ಲಿ 1.69 ಮೀಟರ್ ಆಸುಪಾಸಿನಲ್ಲೇ ನಿಂತುಬಿಟ್ಟಿವೆ. ಆ ವರ್ಷ ತೆರಿಗೆಯನ್ನು ಎಂಜಿನ್ ಗಾತ್ರಕ್ಕೆ ಕಟ್ಟಿದ ಮೇಲೆ ಕಾರುಗಳು ಅಗಲವಾಗತೊಡಗಿದವು.

ಈ ಸುಳಿವು ಕೆಲಸಕ್ಕೆ ಬರುವ ರೀತಿಗೆ ನಿಸಾನ್ ಸ್ಕೈಲೈನ್ ಆರ್32 ಒಳ್ಳೆಯ ನಿದರ್ಶನ. ಜಿಟಿ-ಆರ್ ಮಾದರಿಗೆ 2.6 ಲೀಟರ್ ಎಂಜಿನ್, 1755 ಮಿಲಿಮೀಟರ್ ಅಗಲ. ಅದು 3ರ ವರ್ಗ. ಅದೇ ಪೀಳಿಗೆಯ ಜಿಟಿಎಸ್-ಟಿ ಮಾದರಿಗೆ 2 ಲೀಟರ್ ಎಂಜಿನ್, 1695 ಮಿಲಿಮೀಟರ್ ಅಗಲ. ಅದು 5ರ ವರ್ಗ. ಹೊರಗಿನ ಹೊದಿಕೆ ಬದಲಿಸಿ ಎರಡನೆಯದನ್ನು ಮೊದಲನೆಯದರಂತೆ ತೋರಿಸುವುದು ಕಷ್ಟವಲ್ಲ, ಬೆಲೆಯ ಅಂತರವೋ ಅಪಾರ. ಜಿಟಿ-ಆರ್ ಎಂದು ಮಾರಾಟಕ್ಕಿಟ್ಟ ಕಾರಿನ ಪತ್ರದಲ್ಲಿ ನಂಬರ್ 5ರಿಂದ ಶುರುವಾಗಿದ್ದರೆ ಅಲ್ಲೇ ನಿಂತು ಚಾಸಿ ನಂಬರ್ ನೋಡಿ. ಜಿಟಿ-ಆರ್ ಆದರೆ ಬಿಎನ್ಆರ್32 ಎಂದು, ಜಿಟಿಎಸ್-ಟಿ ಆದರೆ ಎಚ್‌ಸಿಆರ್32 ಎಂದು ಆರಂಭವಾಗುತ್ತದೆ. ತಿರುಗುಮುರುಗಾದ ಸಾಧ್ಯತೆಯೂ ಇದೆ: ದೊಡ್ಡ ಎಂಜಿನ್ ಕೂರಿಸಿ, ಕ್ರಮವಾಗಿ ಮರುನೋಂದಣಿ ಮಾಡಿಸಿದ ಚಿಕ್ಕ ಕಾರು 3ರ ನಂಬರ್ ಪಡೆದಿರುತ್ತದೆ. ಆಗಲೂ ಚಾಸಿ ನಂಬರ್ ಸುಳ್ಳು ಹೇಳುವುದಿಲ್ಲ.

ಭಾರತದಲ್ಲಿ ತಯಾರಾಗಿ ಜಪಾನಿಗೆ ಹೋಗುವ ಕಾರುಗಳಿಗೂ ಇದೇ ನಿಯಮ. ಮಾರುತಿ ಕಾರ್ಖಾನೆಯಿಂದ ಹೋಗುವ ಐದು ಬಾಗಿಲಿನ ಜಿಮ್ನಿ ಅಲ್ಲಿ ಜಿಮ್ನಿ ನೊಮಾಡೆ ಎಂಬ ಹೆಸರಿನಲ್ಲಿ 2025ರಲ್ಲಿ ಬಿಡುಗಡೆಯಾಯಿತು. ಅಗಲ 1645 ಮಿಲಿಮೀಟರ್, ಹಾಗಾಗಿ 5ರ ನಂಬರ್. ಫ್ರಾಂಕ್ಸ್‌ನ ಎಂಜಿನ್ ಅದರಷ್ಟೇ, ಒಂದೂವರೆ ಲೀಟರ್; ಆದರೆ ಅಗಲ 1765 ಮಿಲಿಮೀಟರ್ ಇರುವುದರಿಂದ 3ರ ನಂಬರ್. ನಮ್ಮಲ್ಲಿ ‘ನಾಲ್ಕು ಮೀಟರಿನೊಳಗಿನ ಚಿಕ್ಕ ಕಾರು’ ಎಂದು ತೆರಿಗೆ ರಿಯಾಯಿತಿ ಪಡೆಯುವ ಫ್ರಾಂಕ್ಸ್ ಅಲ್ಲಿ ದೊಡ್ಡ ಕಾರುಗಳ ಸಾಲಿಗೆ ಸೇರುತ್ತದೆ.

ನನ್ನ ಟೊಯೊಟಾ ಪ್ರೋಬಾಕ್ಸ್‌ಗೆ 400 ಎಂಬ ವರ್ಗವಿತ್ತು. ಅದು ಲಾರಿಯೇ?

ಲಾರಿಯಲ್ಲ, ಆದರೆ ಸರಕು ವಾಹನವೆಂದು ನೋಂದಣಿಯಾದ ಕಾರು. ಕೆನ್ಯಾದ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಪ್ರೋಬಾಕ್ಸ್‌ಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಕಂಪನಿಗಳ ಓಡಾಟದ ವ್ಯಾನ್‌ಗಳಾಗಿದ್ದವು. ಹಿಂದಿನ ಸೀಟು ಗಟ್ಟಿ, ನೆಟ್ಟಗೆ. ಸರಕಿಗೆ ಜಾಗ ಹೆಚ್ಚು. ಪ್ರೋಬಾಕ್ಸ್‌ನ ಪ್ರಯಾಣಿಕ ಮಾದರಿಯೂ ಇತ್ತು, ಅದಕ್ಕೆ 5ರ ನಂಬರ್. ಟೊಯೊಟಾ ಹೈಯೇಸ್‌ನಲ್ಲಿಯೂ ಹೀಗೆಯೇ: ಚಿಕ್ಕ ವ್ಯಾನ್ 4, ಅಗಲದ ವ್ಯಾನ್ 1, ಪ್ರಯಾಣಿಕ ವ್ಯಾಗನ್ 3, ಹೆಚ್ಚು ಸೀಟಿನ ಕಮ್ಯೂಟರ್ 2.

ಕೊಳ್ಳುವವರಿಗೆ ಇದರಲ್ಲಿ ಒಳಿತೂ ಇದೆ, ಕೆಡುಕೂ ಇದೆ. ಸ್ವಂತ ಬಳಕೆಯ ಪ್ರಯಾಣಿಕ ಕಾರಿಗೆ ಜಪಾನಿನಲ್ಲಿ ಮೊದಲ ಮೂರು ವರ್ಷದ ನಂತರ, ಆಮೇಲೆ ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ಕಡ್ಡಾಯ ತಪಾಸಣೆ. ಕೇ ವಾಹನಗಳನ್ನು ಬಿಟ್ಟರೆ 1 ಮತ್ತು 4ರ ಸರಕು ವಾಹನಗಳಿಗೆ ಮೊದಲ ಅವಧಿ ಮುಗಿದ ಮೇಲೆ ಪ್ರತಿ ವರ್ಷವೂ ತಪಾಸಣೆ. ಹೀಗಾಗಿ ದಾಖಲೆ ಹೆಚ್ಚು ಸಿಗುತ್ತದೆ. ಆದರೆ ದುಡಿಸಿಕೊಂಡ ಗಾಡಿ ಅದು. ಹಿಂದಿನ ಸಸ್ಪೆನ್ಷನ್, ಕ್ಲಚ್, ಸರಕು ಇಡುವ ನೆಲ ಇವನ್ನು ತಗ್ಗಿ ಬಗ್ಗಿ ನೋಡಲೇಬೇಕು. ತೆರಿಗೆ ಉಳಿಸಲೆಂದೇ ಲ್ಯಾಂಡ್ ಕ್ರೂಸರ್‌ನಂಥ ಕಾರುಗಳನ್ನು 1ರ ವರ್ಗದಲ್ಲಿ ನೋಂದಾಯಿಸಿಕೊಂಡವರೂ ಇದ್ದಾರೆ. ಅಂಥ ಕಾರು ಸಿಮೆಂಟ್ ಚೀಲ ಹೊತ್ತಿರಲೇಬೇಕೆಂದಿಲ್ಲ.

ವರ್ಗ ಸಂಖ್ಯೆ ಕೆಲವದರಲ್ಲಿ ಎರಡಂಕಿ, ಕೆಲವದರಲ್ಲಿ ಮೂರಂಕಿ. ಏಕೆ?

ನಂಬರ್‌ಗಳು ಮುಗಿಯುತ್ತ ಬಂದಂತೆ ಅಂಕಿಗಳನ್ನು ಹೆಚ್ಚಿಸುತ್ತ ಹೋದರು. ಮೊದಲು ಒಂದಂಕಿ ಇತ್ತು. 1960ರ ದಶಕದ ಕೊನೆಯ ಹೊತ್ತಿಗೆ ಎರಡಂಕಿ ಬಂತು. 1998ರಲ್ಲಿ ಮೂರಂಕಿ ಆರಂಭವಾಗಿ 1999ರ ಹೊತ್ತಿಗೆ ದೇಶವಿಡೀ ಹರಡಿತು. ಅದಾದ ಮೇಲೂ ಬೇಡಿಕೆಯ ನಂಬರ್‌ಗಳು ಸಾಲದೆ 2018ರಿಂದ ವರ್ಗ ಸಂಖ್ಯೆಯ ಕೊನೆಯ ಎರಡು ಸ್ಥಾನಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಸೇರಿಸಲಾಯಿತು. ಹತ್ತು ಅಕ್ಷರಗಳನ್ನು ಮಾತ್ರ ಆರಿಸಿಕೊಂಡಿದ್ದಾರೆ: ಎ, ಸಿ, ಎಫ್, ಎಚ್, ಕೆ, ಎಲ್, ಎಂ, ಪಿ, ಎಕ್ಸ್, ವೈ.

ಎರಡಂಕಿಯ ಪ್ಲೇಟ್ ಕಂಡರೆ ಹಳೆಯ ಕಾರಿನ ಪ್ರೇಮಿಗಳಿಗೆ ರೋಮಾಂಚನವಾಗುತ್ತದೆ, ಅದಕ್ಕೆ ತಕ್ಕ ಕಾರಣವೂ ಇದೆ. ಜಪಾನಿನಲ್ಲಿ ನಂಬರ್ ಕಾರಿನ ಜೊತೆ ಬದುಕಿನುದ್ದಕ್ಕೂ ಅಂಟಿಕೊಂಡಿರುವುದಿಲ್ಲ. ಕಾರು ಬೇರೆ ನೋಂದಣಿ ಕಚೇರಿಯ ವ್ಯಾಪ್ತಿಗೆ ಹೋದರೆ ಹಳೆಯ ಪ್ಲೇಟ್ ಒಪ್ಪಿಸಿ ಹೊಸದನ್ನು ಪಡೆಯಬೇಕು. ಹಾಗಾಗಿ 2010ರಲ್ಲಿಯೂ ‘33’ ಅಥವಾ ‘55’ರ ಪ್ಲೇಟ್ ಹೊತ್ತು ಓಡುತ್ತಿದ್ದ ಕಾರು ಹತ್ತಕ್ಕೂ ಹೆಚ್ಚು ವರ್ಷ ಅದೇ ಸೀಮೆ ಬಿಟ್ಟು ಕದಲಿಲ್ಲ, ನೋಂದಣಿಯೂ ಕಡಿದುಹೋಗಲಿಲ್ಲ ಎಂದಾಯಿತು. ಒಬ್ಬನೇ ಮಾಲೀಕನಿದ್ದಿರುವ ಸಾಧ್ಯತೆ ಬಲವಾಗಿದೆ. ಖಚಿತವಲ್ಲ, ಏಕೆಂದರೆ ಅದೇ ವ್ಯಾಪ್ತಿಯೊಳಗೆ ಕೈ ಬದಲಾದರೆ ನಂಬರ್ ಹಾಗೆಯೇ ಉಳಿಯಬಹುದು. ಆದರೂ ಮೂವತ್ತು ವರ್ಷದ ಕಾರೊಂದರ ವಿಷಯದಲ್ಲಿ ಇಷ್ಟು ಒಳ್ಳೆಯ ಸಾಕ್ಷ್ಯ ಸುಲಭಕ್ಕೆ ಸಿಗುವುದಿಲ್ಲ. ಅಂಥ ಪ್ಲೇಟಿನ ಫೋಟೊ ಇದ್ದರೆ ಕಾರಿನ ಕಾಗದಪತ್ರಗಳ ಜೊತೆ ಜೋಪಾನವಾಗಿಡಿ.

ಊರಿನ ಹೆಸರು ಕಾರು ತಯಾರಾದ ಜಾಗವೇ?

ಅಲ್ಲ. ಅದು ಕಾರನ್ನು ನಿಲ್ಲಿಸಿಕೊಳ್ಳುತ್ತಿದ್ದ ಪ್ರದೇಶದ ನೋಂದಣಿ ಕಚೇರಿಯ ಹೆಸರು, ಇಲ್ಲವೇ ಆ ಪ್ರದೇಶಕ್ಕೆ ಕೊಟ್ಟ ಸ್ಥಳೀಯ ಹೆಸರು. ಜಪಾನಿನ ಬಹುಭಾಗದಲ್ಲಿ ಕಾರು ನೋಂದಾಯಿಸಲು ವಾಸದ ಜಾಗದಿಂದ ಎರಡು ಕಿಲೋಮೀಟರ್ ಒಳಗೆ ನಿಲ್ಲಿಸುವ ಸ್ಥಳವಿದೆ ಎಂಬ ಪ್ರಮಾಣಪತ್ರ ಬೇಕು. ಆದ್ದರಿಂದ ಪ್ಲೇಟಿನ ಊರಿಗೂ ಕಾರು ರಾತ್ರಿ ಕಳೆದ ಊರಿಗೂ ಸಂಬಂಧ ಗಟ್ಟಿ.

‘ಟೋಕಿಯೊ’ ಎಂದು ಬರೆದ ಪ್ಲೇಟ್ ಹುಡುಕಬೇಡಿ, ಇಲ್ಲ. ಟೋಕಿಯೊದ ಕಾರುಗಳಿಗೆ ಶಿನಾಗಾವಾ, ನೆರಿಮಾ, ಅದಾಚಿ, ಹಚಿಯೋಜಿ, ತಾಮಾ ಮೊದಲಾದ ಹೆಸರುಗಳಿರುತ್ತವೆ. ಒಸಾಕಾ ನಗರದ ಕಾರುಗಳಿಗೆ ನಾನಿವಾ ಎಂಬ ಹೆಸರು. ಅದನ್ನು ಕಾಂಜಿಯಲ್ಲಲ್ಲ, ಹಿರಗಾನಾದಲ್ಲೇ ಬರೆಯುತ್ತಾರೆ. ಐಚಿ ಪ್ರಾಂತದಲ್ಲಿ ನಾಗೊಯಾ, ಮಿಕಾವಾ, ತೊಯೊಹಾಶಿಗಳ ಜೊತೆ ಒವಾರಿ-ಕೊಮಾಕಿ ಎಂಬ ನಾಲ್ಕು ಕಾಂಜಿಯ ಉದ್ದನೆಯ ಹೆಸರೂ ಇದೆ. 2006ರಿಂದ ಊರುಗಳ ಅಭಿಮಾನಕ್ಕೆ ಮಣೆ ಹಾಕಿ ಹೊಸ ಸ್ಥಳೀಯ ಹೆಸರುಗಳನ್ನು ಕೊಡುತ್ತ ಬಂದಿದ್ದಾರೆ. ಸೆಂದಾಯ್, ಕನಜಾವಾ, ಟೊಯೊಟಾ ಮೊದಲ ಕಂತಿನವು. ಸೆತಗಾಯಾ, ಸುಗಿನಾಮಿ 2014ರವು. 2008ರಲ್ಲಿ ಬಂದ ‘ಫುಜಿಸಾನ್’ ಪ್ಲೇಟ್ ಫ್ಯೂಜಿ ಪರ್ವತದ ಎರಡೂ ಮಗ್ಗುಲಿನ ಯಮನಾಶಿ ಮತ್ತು ಶಿಜುಒಕಾ ಪ್ರಾಂತಗಳಲ್ಲಿ ಸಿಗುತ್ತದೆ. ಇದರಿಂದ ಇನ್ನೊಂದು ಉಪಯೋಗ: ಸೆತಗಾಯಾ ಪ್ಲೇಟ್ ಇರುವ ಕಾರು 2014ಕ್ಕಿಂತ ಮೊದಲೇ ಜಪಾನ್ ಬಿಟ್ಟಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಊರು ತಿಳಿದು ನನಗೇನು ಲಾಭ?

ತುಕ್ಕು. ಸಪ್ಪೊರೊ, ಅಸಾಹಿಕಾವಾ, ಕುಶಿರೊ, ಅಒಮೊರಿ, ಅಕಿತಾ, ನೀಗಾತಾ, ನಾಗಾಒಕಾ ಇವು ಹಿಮ ಸುರಿಯುವ ಸೀಮೆಗಳು. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲು ಉಪ್ಪಿನ ರಾಸಾಯನಿಕಗಳನ್ನು ಎರಚುತ್ತಾರೆ. ಅದು ಕಾರಿನ ತಳಕ್ಕೆ ಸಿಡಿದು, ಬೆಸುಗೆಯ ಸಂದುಗಳಲ್ಲಿ ಕೂತು, ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ. ಒಕಿನಾವಾದಲ್ಲಿ ಹಿಮವಿಲ್ಲ, ಆದರೆ ಕಡಲ ಗಾಳಿಯ ಉಪ್ಪು ಅದೇ ಕೆಲಸ ಮಾಡುತ್ತದೆ. ಮಂಗಳೂರು, ಕಾರವಾರದ ಕಡೆ ಗಾಡಿ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಊರಿನ ಪ್ಲೇಟ್ ಕಂಡರೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ತಳ ನೋಡದೆ ಮುಂಗಡ ಕೊಡಬೇಡಿ. ಸೈಲೆನ್ಸರ್ ಕೊಳವೆ, ಬ್ರೇಕ್ ಕೊಳವೆ, ಹಿಂಚಕ್ರದ ಕಮಾನಿನ ಒಳಭಾಗ, ಸಸ್ಪೆನ್ಷನ್ ಕೂರುವ ಜಾಗ ಇವು ಮೊದಲು ಹಾಳಾಗುವಂಥವು. ತಳಕ್ಕೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ನನ್ನ ಅನುಮಾನ ಇನ್ನೂ ಹೆಚ್ಚುತ್ತದೆ.

ಒಂದು ಎಚ್ಚರಿಕೆ: ಪ್ಲೇಟ್ ಹೇಳುವುದು ಕೊನೆಯ ನೆಲೆಯನ್ನು ಮಾತ್ರ. ಹದಿನೈದು ಚಳಿಗಾಲ ಹೊಕ್ಕೈಡೊದಲ್ಲಿ ಕಳೆದ ಕಾರು ಕೊನೆಯ ವರ್ಷ ಯೊಕೊಹಾಮಾಕ್ಕೆ ಬಂದರೆ ಪ್ಲೇಟಿನಲ್ಲಿ ಯೊಕೊಹಾಮಾ ಎಂದೇ ಇರುತ್ತದೆ. ಮೈಸೂರಿನಲ್ಲಿ ಕೊಂಡ ಕಾರು ಮಂಗಳೂರಿಗೆ ಹೋದರೂ ಕೆಎ-09 ಆಗಿಯೇ ಉಳಿಯುವ ನಮ್ಮ ಪದ್ಧತಿಗೆ ಇದು ನೇರ ವಿರುದ್ಧ. ನಮ್ಮ ನಂಬರ್ ಕಾರು ಹುಟ್ಟಿದ ಮನೆಯನ್ನು ಹೇಳುತ್ತದೆ, ಅವರದು ಬಿಟ್ಟು ಬಂದ ಮನೆಯನ್ನು.

ಕೆಳಗಿನ ಒಂಟಿ ಅಕ್ಷರದ ಅರ್ಥವೇನು?

ಬಿಳಿ ಮತ್ತು ಹಸಿರು ಪ್ಲೇಟುಗಳಲ್ಲಿ ನಿಯಮ ಸರಳ. ಸ್ವರಗಳ ಸಾಲು ಮತ್ತು ‘ಕ’ ಸಾಲಿನ ಅಕ್ಷರಗಳು ಬಾಡಿಗೆ ಸಾಗಣೆಯ ವಾಹನಗಳಿಗೆ. ‘ಸ’ ಸಾಲಿನಿಂದ ‘ರ’ ಸಾಲಿನವರೆಗಿನವು ಸ್ವಂತ ಬಳಕೆಗೆ. ‘ವ’ ಮತ್ತು ‘ರೆ’ ನಾವೇ ಓಡಿಸುವ ಬಾಡಿಗೆ ಕಾರುಗಳಿಗೆ. ಕೇ ವಾಹನಗಳಲ್ಲಿ ಬಾಡಿಗೆ ಕಾರಿಗೆ ‘ವ’ ಇದ್ದರೂ ಉಳಿದ ಅಕ್ಷರಗಳ ಹಂಚಿಕೆ ಬೇರೆ: ಸರಕು ಸಾಗಿಸಿ ಹಣ ಪಡೆಯುವ ಕಪ್ಪು ಪ್ಲೇಟಿನವಕ್ಕೆ ‘ರಿ’ ಮತ್ತು ‘ರೆ’, ಸ್ವಂತದವಕ್ಕೆ ‘ಅ’, ‘ಕ’ ಸಾಲುಗಳೂ ಸಲ್ಲುತ್ತವೆ. ಆದ್ದರಿಂದ ಕೇ ಕಾರಿನಲ್ಲಿ ಬಣ್ಣವನ್ನೇ ನಂಬಿ.

ನಾಲ್ಕು ಅಕ್ಷರಗಳನ್ನು ಬಳಸುವುದೇ ಇಲ್ಲ. ‘ಶಿ’ ಸಾವನ್ನು ಸೂಚಿಸುತ್ತದೆ, ‘ಹೆ’ ಎಂದರೆ ಅಪಾನವಾಯು. ‘ಒ’ ನೋಡಲು ‘ಅ’ಗೆ ತೀರ ಹತ್ತಿರ, ಕೇಳಲು ‘ವ’ ಸಾಲಿನ ಒಂದು ಅಕ್ಷರದಂತೆಯೇ. ಕೊನೆಯ ‘ನ್’ ಒಂಟಿಯಾಗಿ ಉಚ್ಚರಿಸಲು ಕಷ್ಟ. ಈ ನಾಲ್ಕರಲ್ಲಿ ಯಾವುದಾದರೂ ಇರುವ ಪ್ಲೇಟನ್ನು ಮೂಲದ್ದೆಂದು ಯಾರಾದರೂ ಮಾರುತ್ತಿದ್ದರೆ ಅದು ನಕಲಿ.

‘ವ’ ಇದ್ದರೆ ಆ ಕಾರು ಬೇಡವೇ?

ಹಾಗೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಜಪಾನಿನ ಬಾಡಿಗೆ ಕಂಪನಿಗಳು ಸರ್ವಿಸ್ ತಪ್ಪಿಸುವುದು ಕಡಿಮೆ. ಆದರೆ ನೂರಾರು ಕೈಗಳು ಓಡಿಸಿರುತ್ತವೆ, ಅಂಚುಗಳಲ್ಲಿ ಸಣ್ಣ ಗೀರು, ತಗ್ಗು ಸಾಮಾನ್ಯ. ಹಂಚಿಕೊಂಡು ಓಡಿಸುವ ಕಾರುಗಳಿಗೂ ಇದೇ ಅಕ್ಷರ. ‘ಒಬ್ಬ ವೃದ್ಧರು ವಾರಕ್ಕೊಮ್ಮೆ ಓಡಿಸುತ್ತಿದ್ದರು’ ಎಂಬ ಮಾತಿನ ಜೊತೆ ‘ವ’ ಪ್ಲೇಟ್ ಬಂದರೆ ಮಾತ್ರ ಎದ್ದು ಬನ್ನಿ.

ನನ್ನದರಲ್ಲಿ ಇಂಗ್ಲಿಷಿನ ‘ವೈ’ ಇದೆ, ಅದೂ ಕೆಳಗಿನ ಸಾಲಿನಲ್ಲಿ.

ಅದು ಜಪಾನಿನಲ್ಲಿರುವ ಅಮೆರಿಕದ ಸೇನೆಗೆ ಸಂಬಂಧಿಸಿದವರ ಕಾರು. ಯೊಕೊಸುಕಾ, ಯೊಕೊತಾ, ಮಿಸಾವಾ, ಇವಾಕುನಿ, ಕದೆನಾ ನೆಲೆಗಳ ಸುತ್ತ ಇಂಥ ಪ್ಲೇಟುಗಳು ಹೆಚ್ಚು. ಇ, ಎಚ್, ಕೆ, ಎಂ, ಟಿ ಅಕ್ಷರಗಳೂ ಹಿರಗಾನಾದ ‘ಯೊ’ ಕೂಡ ಇದೇ ಗುಂಪಿನವು. ಸೇವೆ ಮುಗಿಸಿ ಊರಿಗೆ ಹೋಗುವಾಗ ಕಾರನ್ನೂ ಜೊತೆಗೆ ಒಯ್ದವರಿದ್ದಾರೆ.

ನಾಲ್ಕು ಅಂಕಿಗಳಲ್ಲಿ ಚುಕ್ಕೆಗಳೇಕೆ?

ಸಂಖ್ಯೆ ಚಿಕ್ಕದಾದರೆ ಮುಂದಿನ ಖಾಲಿ ಸ್ಥಾನಗಳಲ್ಲಿ ಸೊನ್ನೆಯ ಬದಲು ಚುಕ್ಕೆ ಬರುತ್ತದೆ. ಮೂರು ಚುಕ್ಕೆ ಮತ್ತು 8 ಎಂದರೆ ಎಂಟನೆಯ ನಂಬರ್. ನಡುವಿನ ಅಡ್ಡಗೆರೆ ಪೂರ್ತಿ ನಾಲ್ಕಂಕಿ ಇದ್ದಾಗ ಮಾತ್ರ. 42 ಮತ್ತು 49ರಿಂದ ಕೊನೆಗೊಳ್ಳುವ ಸಂಖ್ಯೆಗಳನ್ನು ಸರದಿಯಲ್ಲಿ ಕೊಡುವುದಿಲ್ಲ, ಅವುಗಳ ಉಚ್ಚಾರ ಸಾವನ್ನೂ ಸಂಕಟವನ್ನೂ ನೆನಪಿಸುತ್ತದೆ ಎಂದು.

ಇಷ್ಟದ ಸಂಖ್ಯೆ ಕೇಳಿ ಪಡೆಯುವ ವ್ಯವಸ್ಥೆ 1999ರಿಂದ ದೇಶದಾದ್ಯಂತ ಇದೆ. 7, 8, 88, 777, 7777, 8888ರಂಥವಕ್ಕೆ ಪೈಪೋಟಿ ಹೆಚ್ಚು, ಚೀಟಿ ಎತ್ತಿ ಕೊಡುತ್ತಾರೆ. ನಮ್ಮ ಆರ್‌ಟಿಒಗಳಲ್ಲಿ ಹರಾಜಿಗೆ ಹಾಕುವಂತೆ ಲಕ್ಷಗಟ್ಟಲೆ ಕೂಗುವುದಿಲ್ಲ. ಬಿಳಿ ಪ್ಲೇಟಿನಲ್ಲಿ ವರ್ಗ ಸಂಖ್ಯೆಯ ಕೊನೆಯ ಎರಡಂಕಿ 30 ಅಥವಾ ಹೆಚ್ಚಿದ್ದರೆ, ಉದಾಹರಣೆಗೆ 330 ಅಥವಾ 530, ಸಾಮಾನ್ಯವಾಗಿ ಅದು ಮಾಲೀಕರೇ ಆರಿಸಿದ ಸಂಖ್ಯೆ. ಕಾರಿನ ಮೇಲೆ ಅವರಿಗೆ ಒಲವಿತ್ತು ಎನ್ನಲು ಇದೊಂದು ಪುಟ್ಟ ಸೂಚನೆ.

ಪ್ಲೇಟಿನಿಂದ ಕಾರಿನ ವರ್ಷ ತಿಳಿಯಬಹುದೇ?

ಇಲ್ಲ. ಅದಕ್ಕೆ ರಫ್ತು ಪತ್ರ ಬೇಕು. ದೇಶ ಬಿಡುವ ಕಾರಿನ ನೋಂದಣಿ ರದ್ದುಪಡಿಸಿ ಕೊಡುವ ಆ ಪತ್ರದಲ್ಲಿ ಹಳೆಯ ನಂಬರ್, ಚಾಸಿ ನಂಬರ್, ಮೊದಲ ನೋಂದಣಿಯ ವರ್ಷ ಮತ್ತು ತಿಂಗಳು ಇರುತ್ತವೆ. ಪ್ಲೇಟ್ ಸಿಗದವರೂ ಈ ಪತ್ರದಿಂದಲೇ ಮೇಲೆ ಹೇಳಿದ ಎಲ್ಲವನ್ನೂ ಬಿಡಿಸಿಕೊಳ್ಳಬಹುದು.

ವರ್ಷ ಜಪಾನಿ ಶಕೆಯಲ್ಲಿದ್ದರೆ ಹೀಗೆ ಕೂಡಿಸಿ: ಶೋವಾ ವರ್ಷಕ್ಕೆ 1925, ಹೇಸೇ ವರ್ಷಕ್ಕೆ 1988, ರೇವಾ ವರ್ಷಕ್ಕೆ 2018. ಹೇಸೇ 5 ಎಂದರೆ 1993. ಅದು ಮೊದಲ ನೋಂದಣಿಯ ದಿನವೇ ಹೊರತು ತಯಾರಿಕೆಯ ದಿನವಲ್ಲ ಎಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರಿಗೆ ವಿನಾಯಿತಿ, ಕೆನಡಾದಲ್ಲಿ 15 ವರ್ಷ, ಕೆನ್ಯಾದಲ್ಲಿ 8 ವರ್ಷದೊಳಗಿನದ್ದಾಗಿರಬೇಕು. ಇಂಥ ಗಡಿಗಳ ಬಳಿ ಒಂದೆರಡು ತಿಂಗಳ ಅಂತರವೂ ದುಬಾರಿಯಾಗುತ್ತದೆ.

ನನ್ನ ಕಾರಿಗೆ ಪ್ಲೇಟೇ ಬರಲಿಲ್ಲ. ಮೋಸವಾಯಿತೇ?

ಇಲ್ಲ, ಅದೇ ಕ್ರಮ. ನೋಂದಣಿ ರದ್ದಾಗುವಾಗ ಪ್ಲೇಟುಗಳನ್ನು ಕಚೇರಿಗೆ ಹಿಂದಿರುಗಿಸಬೇಕು. ಹಿಂದಿನ ಪ್ಲೇಟಿನ ಎಡ ಬೋಲ್ಟಿನ ಮೇಲೆ ಒಂದು ಅಲ್ಯೂಮಿನಿಯಂ ಮುದ್ರೆ ಕೂರಿಸಿರುತ್ತಾರೆ. ಪ್ಲೇಟ್ ತೆಗೆಯಲು ಅದನ್ನು ಒಡೆಯಲೇಬೇಕು. ಕೇ ಕಾರುಗಳಿಗೆ ಈ ಮುದ್ರೆ ಇಲ್ಲ. ನೆನಪಿಗಾಗಿ ಪ್ಲೇಟ್ ಇಟ್ಟುಕೊಳ್ಳಬಯಸುವವರಿಗೆ ಮತ್ತೆ ಬಳಸಲಾಗದಂತೆ ತೂತು ಹೊಡೆದು ಕೊಡುವ ಪದ್ಧತಿ ಈಚಿನ ವರ್ಷಗಳಲ್ಲಿದೆ.

ಹೀಗಾಗಿ ‘ಮೂಲ ಪ್ಲೇಟ್’ ಎಂದು ಮಾರುವವುಗಳಲ್ಲಿ ಅಲಂಕಾರಕ್ಕೆ ಅಚ್ಚು ಹಾಕಿದವೇ ಬಹಳ. ಅಸಲಿಯಲ್ಲಿ ಅಂಕಿಗಳು ಲೋಹದಲ್ಲೇ ಉಬ್ಬಿರುತ್ತವೆ. ಬೆನ್ನ ಮೇಲೆ ಕೈಯಾಡಿಸಿದರೆ ತಗ್ಗು ತಿಳಿಯುತ್ತದೆ. ಕೆಳಗೆ ಐದು ಅಂಕಿ ಇದ್ದರೆ, ಸೊನ್ನೆಯಿಂದ ಶುರುವಾಗಿದ್ದರೆ, ಹಳದಿ ಪ್ಲೇಟಿನ ವರ್ಗ ಸಂಖ್ಯೆ 3ರಿಂದ ಆರಂಭವಾಗಿದ್ದರೆ ಅದು ಅಸಲಿಯಾಗಿರಲು ಸಾಧ್ಯವಿಲ್ಲ. ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ರಫ್ತು ಪತ್ರದ ನಂಬರ್ ಜೊತೆ ಹೋಲಿಸುವುದು.

ಹಿಂದಿನ ಮಾಲೀಕರನ್ನು ಹುಡುಕಬಹುದೇ?

ನಂಬರ್ ಒಂದರಿಂದಲೇ ಸಾಧ್ಯವಿಲ್ಲ. ಜಪಾನಿನಲ್ಲಿ 2007ರಿಂದ ನೋಂದಣಿ ವಿವರ ಕೇಳುವವರು ಪ್ಲೇಟ್ ನಂಬರ್ ಜೊತೆ ಚಾಸಿ ನಂಬರನ್ನೂ ಪೂರ್ತಿ ಕೊಡಬೇಕು, ಕಾರಣವನ್ನೂ ಹೇಳಬೇಕು. ಸರ್ವಿಸ್ ಪುಸ್ತಕದಲ್ಲಿ ಯಾರದಾದರೂ ಹೆಸರು, ವಿಳಾಸ ಸಿಕ್ಕರೆ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕಾರು ಮಾರಿದ ತಪ್ಪಿಗೆ ಅವರ ಖಾಸಗಿತನ ನಮ್ಮ ಕೈಗೆ ಬರಬಾರದು.

ಇದನ್ನು ಕಾರಿನ ಮುಂದೆ ಹಾಕಿಕೊಂಡು ಓಡಿಸಬಹುದೇ?

ಭಾರತದಲ್ಲಿ ಖಂಡಿತ ಇಲ್ಲ. ನೋಂದಾಯಿತ ನಂಬರ್ ಅಲ್ಲದ ಬೇರೆ ಪ್ಲೇಟ್ ಹಾಕಿಕೊಂಡು ರಸ್ತೆಗಿಳಿಯುವುದು ಅಪರಾಧ. ಅಮೆರಿಕದ ಫ್ಲೋರಿಡಾ, ಜಾರ್ಜಿಯಾ, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಹಿಂದೆ ಮಾತ್ರ ಅಧಿಕೃತ ಪ್ಲೇಟ್ ಇರುವುದರಿಂದ ಮುಂದೆ ಜಪಾನಿ ಪ್ಲೇಟ್ ಹಾಕಿಕೊಳ್ಳುವವರು ಕಾಣುತ್ತಾರೆ. ಉಳಿದೆಡೆ ಆಯಾ ದೇಶದ ನಿಯಮ ನೋಡಿಕೊಳ್ಳಿ.

ಅಂಥ ಹಳೆಯ ಕಾರನ್ನು ಬೆಂಗಳೂರಿಗೇ ತರಿಸಿಕೊಳ್ಳಬಹುದೇ?

ನಿಸಾನ್ ಆರ್32, ಟೊಯೊಟಾ ಎಇ86ರಂಥ ಎಂಬತ್ತು, ತೊಂಬತ್ತರ ದಶಕದ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದರೆ, ದಾರಿ ಮುಚ್ಚಿದೆ. ಬಳಸಿದ ಕಾರು ತರಿಸಲು ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು, ಅದರ ಮೇಲೆ ಭಾರಿ ಸುಂಕವನ್ನೂ ಕಟ್ಟಬೇಕು. ಆ ವಯಸ್ಸಿನ ಕಾರನ್ನು ‘ಕಾಗದಪತ್ರ ಎಲ್ಲ ಸರಿ ಇದೆ’ ಎಂದು ಯಾರಾದರೂ ಇಲ್ಲಿ ಮಾರಲು ಬಂದರೆ, ಜಪಾನಿನ ಪ್ಲೇಟ್ ಬದಿಗಿಟ್ಟು ಮೊದಲು ಕಸ್ಟಮ್ಸ್ ಸುಂಕ ಕಟ್ಟಿದ ರಸೀದಿ ಮತ್ತು ಆರ್‌ಸಿಯನ್ನು ಕೇಳಿ. ಎರಡರಲ್ಲೂ ಇರುವ ಚಾಸಿ ನಂಬರನ್ನು ಕಾರಿನ ಮೇಲಿನದರ ಜೊತೆ ಒಂದೊಂದು ಅಂಕಿಯಾಗಿ ಹೋಲಿಸಿ ನೋಡಿ.